ಸೆಟ್ ಕಾಯುವವರು

ನಮ್ಮ ಕಡೆ ಮೈಕ್ ಸೆಟ್ಟಿನವರಿಗೆ ಮೊದಲ ಪಂಕ್ತಿಯಲ್ಲೇ ಊಟ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೂ ಸಕಲೇಶಪುರ, ಆಲೂರು ಸುತ್ತಿನ ಯಾವ ಮನೆಯ ಕಾರ್ಯಕ್ಕೆ ಹೋದರೂ ನನ್ನ ಮಾವ, ಅಂದರೆ ನನ್ನ ತಾಯಿಯ ತಮ್ಮ, ನೆಂಟರಿಗಿಂತ ಮುಂಚೆ ಎಲೆಯ ಮುಂದೆ ಕೂರುತ್ತಿದ್ದರು. ನೆಂಟರು ಉಣ್ಣುವಾಗ ಹಾಡು ಇರಬೇಕು, ಹಾಡಿರಬೇಕಾದರೆ ಸೆಟ್ಟಿನವನು ಸೆಟ್ಟಿನ ಹತ್ತಿರ ಇರಬೇಕು, ಹಾಗಾಗಿ ಅವನು ಮೊದಲೇ ಉಂಡು ಮುಗಿಸಬೇಕು. ಅವನು ಉಣ್ಣುವ ಆ ಹದಿನೈದಿಪ್ಪತ್ತು ನಿಮಿಷ ಮನೆಯವರಲ್ಲೇ ಒಬ್ಬರು ಬಂದು ಸೆಟ್ಟಿನ ಪಕ್ಕ ನಿಲ್ಲುತ್ತಿದ್ದರು. ಆಳುಗಳನ್ನು ಕಳಿಸುತ್ತಿರಲಿಲ್ಲ. ಮನೆಯ ಯಜಮಾನರೋ ಅವರ ಅಣ್ಣತಮ್ಮಂದಿರೋ ಬರುತ್ತಿದ್ದರು. ಅವರು ಮಾಡಬೇಕಾದ ಕೆಲಸ ಏನೂ ಇಲ್ಲ. ತಾವೂ ಮುಟ್ಟಬಾರದು, ಬೇರೆಯವರಿಗೂ ಮುಟ್ಟಲು ಬಿಡಬಾರದು, ಅಷ್ಟೇ.

ಅಷ್ಟನ್ನೂ ಮಾಡಲಾಗದ ಒಬ್ಬ ದೊಡ್ಡ ಮನುಷ್ಯರ ಬಗ್ಗೆ ಬರೆಯುತ್ತಿದ್ದೇನೆ. ಅದು ನಡೆದು ಎರಡು ವರ್ಷವಾಗುತ್ತಾ ಬಂತು. ನನ್ನ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂದು ನಾನು ಹರಕೆಯನ್ನೂ ಹೊತ್ತಿಲ್ಲ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ನಾನು ಡಿಜೆ. ಹೀಗೆಂದ ತಕ್ಷಣ ಎದುರಿಗಿರುವವರು ನನ್ನ ಹಿಂದೆ ಯಾರಾದರೂ ಗಂಡಸು ನಿಂತಿದ್ದಾನೋ ಎಂದು ಇಣುಕುತ್ತಾರೆ. ನಲವತ್ತೆರಡರ ಹೆಂಗಸು, ಕಾಟನ್ ಸೀರೆ, ಕೊರಳಲ್ಲಿ ಹೆಡ್‌ಫೋನ್. "ಆಪರೇಟರ್ ಇನ್ನೂ ಬಂದಿಲ್ವಾ?" ಎಂದು ಕೇಳದ ಮನೆಯೇ ಇಲ್ಲ. ಬಂದಿದ್ದಾನೆ, ಓಮ್ನಿ ವ್ಯಾನಿನಿಂದ ಬಾಕ್ಸ್ ಇಳಿಸುತ್ತಿದ್ದಾನೆ, ನೀವು ಒಂದು ಕಡೆ ಹಿಡಿದುಕೊಳ್ಳಿ ಎಂದು ನಾನೇ ಒಂದು ತುದಿ ಹಿಡಿದು ತೋರಿಸುತ್ತೇನೆ.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಅಂಗಡಿ ಮಾವನದು. ಮದುವೆಯಾಗದ ಮಾವ, ಮದುವೆ ಮುರಿದುಕೊಂಡು ಬಂದ ಸೊಸೆ, ಇಬ್ಬರೇ ಅದನ್ನು ನಡೆಸಿಕೊಂಡು ಬಂದಿದ್ದೇವೆ. ಮಾವ ಇಪ್ಪತ್ತೈದರ ಹರೆಯದಲ್ಲಿ ಕೈಯಾರೆ ಕಟ್ಟಿದ ಒಂದು ವಾಲ್ವ್ ಆಂಪ್ಲಿಫೈಯರ್ ಅಂಗಡಿಯ ಹಿರಿಯ ಸದಸ್ಯ. ಗಾಜಿನ ನಾಲ್ಕು ದೊಡ್ಡ ವಾಲ್ವುಗಳು, ಸ್ವಿಚ್ ಹಾಕಿದರೆ ಒಲೆಯ ಕೆಂಡದ ಹಾಗೆ ನಿಧಾನಕ್ಕೆ ಕೆಂಪಾಗುತ್ತವೆ. ಹಿಂಭಾಗದಲ್ಲಿ ಒಂದು ಕಬ್ಬಿಣದ ಗಡ್ಡೆ. ಅದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ವಾಲ್ವಿನ ಶಕ್ತಿಯನ್ನು ಸ್ಪೀಕರಿಗೆ ದಾಟಿಸುವುದು ಅದೇ. ಅದರೊಳಗಿನ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳನ್ನು ಮಾವ ಕೈಯಲ್ಲೇ ಸುತ್ತಿದ್ದರು. ನಡುವೆ ಯಾರೋ ಮಾತಾಡಿಸಿ ಲೆಕ್ಕ ತಪ್ಪಿದ್ದಕ್ಕೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಿದರಂತೆ.

ಈ ಹಳೆಯದಕ್ಕೆ ನಾನು ಹೊಸದನ್ನು ಕೂಡಿಸಿದೆ. ಎರಡು ಟರ್ನ್‌ಟೇಬಲ್. ಒಂದರ ಮೇಲೆ ಮಾವನ ಕಾಲದ ಗ್ರಾಮಫೋನ್ ಪ್ಲೇಟುಗಳು, ನಿಜವಾದ ಮುಳ್ಳು, ನಿಜವಾದ ಗೀರು. ಇನ್ನೊಂದರ ಮೇಲೆ ಹಾಡೇ ಇಲ್ಲದ ಒಂದು ವಿಶೇಷ ಪ್ಲೇಟು. ಅದರಲ್ಲಿರುವುದು ಬರೀ ಕೀ ಎನ್ನುವ ಸದ್ದು. ಆ ಸದ್ದನ್ನು ಲ್ಯಾಪ್‌ಟಾಪ್ ಓದಿಕೊಂಡು, ನನ್ನ ಬೆರಳು ಪ್ಲೇಟನ್ನು ತಳ್ಳಿದಂತೆ ತನ್ನೊಳಗಿನ ಹಾಡನ್ನು ತಳ್ಳುತ್ತದೆ, ತಡೆದರೆ ತಡೆಯುತ್ತದೆ. ಎರಡೂ ಮಿಕ್ಸರಿನಲ್ಲಿ ಸೇರುತ್ತವೆ. ಅಲ್ಲಿಂದ ಕೊರಳಿನ ದನಿ, ತಂತಿವಾದ್ಯ, ಕೊಳಲು ಎಲ್ಲ ಮಾವನ ವಾಲ್ವಿಗೆ, ಅಲ್ಲಿಂದ ತುತ್ತೂರಿಯಂಥ ಹಾರ್ನ್ ಸ್ಪೀಕರಿಗೆ ಹೋಗುತ್ತವೆ. ಎದೆಗೆ ಗುದ್ದುವ ಧಂ ಧಂ ಮಾತ್ರ ಹೊಸ ಡಿಜಿಟಲ್ ಆಂಪ್ಲಿಫೈಯರಿಗೆ ಹೋಗುತ್ತದೆ. ಹಳೇ ಪ್ಲೇಟಿನ ದನಿಯ ಕೆಳಗೆ ಹೊಸ ತಾಳ ಕೂರಿಸಿದರೆ ಮದುಮಗಳ ಅಜ್ಜಿಯೂ ಕೂತಲ್ಲೇ ಭುಜ ಕುಣಿಸುತ್ತಾಳೆ, ಕಾಲೇಜಿನ ಹುಡುಗಿಯರೂ ಕುಣಿಯುತ್ತಾರೆ.

ಹೇಳಿದಷ್ಟು ಸುಲಭವಾಗಿ ಇದು ಕೂಡಿಬರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಜೋಡಿಸಿದ ದಿನ ಹಾರ್ನಿನಿಂದ ಹಾಡಿಗಿಂತ ಜೋರಾಗಿ ಝುಂಯ್ ಎನ್ನುವ ಸದ್ದು ಬಂತು. ನಾನು ಇಂಟರ್ನೆಟ್ಟಿನಲ್ಲಿ ತಿಂಗಳುಗಟ್ಟಲೆ ತಡಕಾಡಿದೆ. ಮಾವ ಒಂದು ದಿನ ಎದ್ದು ಬಂದು ನೆಲಕ್ಕಿಳಿಯುವ ಅರ್ಥ್ ತಂತಿಗಳನ್ನೆಲ್ಲ ಒಂದೇ ಮೊಳೆಗೆ ಕಟ್ಟಿ, ಅಂಗಡಿಯ ಹಿಂದಿನ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹೊಯ್ದರು. ಝುಂಯ್ ನಿಂತುಹೋಯಿತು. ಅಂದಿನಿಂದ ಎಲ್ಲಿಗೆ ಹೋದರೂ ನಾನು ಮೊದಲು ಕೇಳುವುದು ಒಂದು ಕೊಡ ನೀರು. ಹೊರಗಿನಿಂದ ಬಂದವರು ಅದನ್ನು ಪೂಜೆ ಎಂದುಕೊಂಡು ಫೋಟೋ ತೆಗೆಯುತ್ತಾರೆ.

ನನ್ನನ್ನು ಕಂಡರೆ ಎರಡು ಥರದವರಿಗೆ ಆಗುವುದಿಲ್ಲ. ಪ್ಲೇಟು, ವಾಲ್ವು ಎಂದು ಜೀವ ಬಿಡುವ ದೊಡ್ಡವರು ಲ್ಯಾಪ್‌ಟಾಪ್ ನೋಡಿ ಮೂಗು ಮುರಿಯುತ್ತಾರೆ, ಮಡಿಯಲ್ಲಿದ್ದಾಗ ನಾನೇನೋ ಮುಟ್ಟಿಸಿದೆ ಎನ್ನುವ ಹಾಗೆ. ಉಳಿದವರಿಗೆ ಟರ್ನ್‌ಟೇಬಲ್ ಎಂದರೆ ಮೇಜು. ಒಮ್ಮೆ ತಿರುಗುತ್ತಿದ್ದ ಪ್ಲೇಟಿನ ಮೇಲೆ ಒಬ್ಬ ಮಹಾರಾಯ ಪಕೋಡದ ತಟ್ಟೆ ಇಟ್ಟ. ತಟ್ಟೆ ಒಂದು ಸುತ್ತು ಹೊಡೆದು ಅವನ ಬಿಳಿ ಪ್ಯಾಂಟಿನ ಮೇಲೆಯೇ ಬಿತ್ತು. ದೇವರಿದ್ದಾನೆ ಎಂದುಕೊಂಡೆ.

ವಾಲ್ವ್ ಆಂಪ್ಲಿಫೈಯರಿನ ವಿಷಯದಲ್ಲಿ ಮಾವ ಕಲಿಸಿದ ಕಟ್ಟುನಿಟ್ಟು ಒಂದೇ. ಸ್ಪೀಕರಿನ ತಂತಿ ಕಟ್ಟದೆ ಸ್ವಿಚ್ ಹಾಕಬಾರದು, ಸ್ವಿಚ್ ಆರಿಸದೆ ತಂತಿ ಬಿಚ್ಚಬಾರದು. ಹೊಸ ಆಂಪ್ಲಿಫೈಯರುಗಳಲ್ಲಿ ಸ್ಪೀಕರ್ ತೆಗೆದರೆ ಸದ್ದು ನಿಲ್ಲುತ್ತದೆ, ಅಷ್ಟೇ. ವಾಲ್ವಿನದು ಹಾಗಲ್ಲ. ಹೊರಗೆ ಹೋಗಬೇಕಾದ ಶಕ್ತಿಗೆ ದಾರಿ ಕಟ್ಟಿದರೆ ಅದು ತಿರುಗಿ ತನ್ನ ಮನೆಯನ್ನೇ ಸುಡುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗಲೂ ಮಾವ ಸ್ಪೀಕರಿನ ಬದಲು ಒಂದು ನೂರು ವ್ಯಾಟ್ ಬಲ್ಬನ್ನಾದರೂ ತಂತಿಗೆ ಕಟ್ಟುತ್ತಾರೆ. ಹಾಡು ಏರಿದಾಗ ಬಲ್ಬು ಬೆಳಗುತ್ತದೆ, ಇಳಿದಾಗ ಮಂಕಾಗುತ್ತದೆ. ಐದಾರು ವರ್ಷದಿಂದ ಮಾವನ ಕಿವಿ ಹೋಗುತ್ತಾ ಬಂದಿದೆ. ಈಗ ಅವರು ಹಾಡು ಕೇಳುವುದು ಆ ಬಲ್ಬಿನಲ್ಲಿಯೇ.

ಹೊಂಗಡಹಳ್ಳದ ಕಡೆಯ ಆ ಎಸ್ಟೇಟಿಗೂ ನಮ್ಮ ಅಂಗಡಿಗೂ ಮಾವನ ಕಾಲದಿಂದ ಸಂಬಂಧ. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಮಗ, ಅಂದರೆ ಸಣ್ಣ ಯಜಮಾನರು, ಕಾಫಿ ಜೊತೆಗೆ ಹೋಂಸ್ಟೇ ಶುರು ಮಾಡಿದರು. ಐವತ್ತರ ಮನುಷ್ಯ, ಒಳ್ಳೆಯ ಮಾತು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಹೊಸ ಕಾಟೇಜುಗಳ ಉದ್ಘಾಟನೆ ಇಟ್ಟುಕೊಂಡು ಫೋನ್ ಮಾಡಿದರು.

"ಮಧ್ಯಾಹ್ನದ್ ಪ್ರೋಗ್ರಾಮು ಕಣಮ್ಮ. ಎಲ್ಲಾ ಹಳೇ ಸ್ಟೈಲಲ್ಲಿ ಇರ್ಬೇಕು. ನಿಮ್ ಮಾವನ್ ಸೆಟ್ಟೇ ಬೇಕು. ಅಪ್ಪನ ಕಾಲದ್ದು ನೋಡು, ನಂಗೂ ಅದೇ ಇಷ್ಟ."

ಮಾವನಿಗೆ ಕೂಗಿ ಕೂಗಿ ಹೇಳಿದೆ. ಮಾವ ವಾಲ್ವುಗಳನ್ನು ಒಂದೊಂದಾಗಿ ಪಂಚೆಯ ತುದಿಯಲ್ಲಿ ಒರೆಸಿಕೊಟ್ಟರು.

ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಶಾಮಿಯಾನ ಹಾಕಿದ್ದರು. ನಗರದಿಂದ ಬಂದ ಈವೆಂಟ್ ಕಂಪನಿಯ ಒಬ್ಬಳು ಹುಡುಗಿ ಕೈಯಲ್ಲಿ ಪಟ್ಟಿ ಹಿಡಿದು ಓಡಾಡುತ್ತಿದ್ದಳು. ನನ್ನ ಸೆಟ್ಟನ್ನು ನೋಡಿ "ವಾವ್, ಇದು ನಿಜವಾಗ್ಲೂ ವರ್ಕ್ ಆಗುತ್ತಾ?" ಎಂದು ಕೇಳಿದಳು. ಇಲ್ಲ, ತೊಳೆದು ಆರಲು ಇಟ್ಟಿದ್ದೇನೆ ಎನ್ನಬೇಕೆನಿಸಿತು. ಸುಮ್ಮನೆ ಮುಳ್ಳು ಇಳಿಸಿದೆ. ಹಾರ್ನಿನಿಂದ ದನಿ ಹೊರಟು ಕಣ ದಾಟಿ ಸಿಲ್ವರ್ ಮರಗಳ ಸಾಲಿಗೆ ಹೋಗಿ ಮುಟ್ಟಿತು. ಕೂಲಿ ಲೈನಿನ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಆ ಒಂದು ಗಂಟೆ ನಾನು ಬಾರಿಸಿದ ಹಾಗೆ ಬದುಕಿನಲ್ಲಿ ಮತ್ಯಾವತ್ತೂ ಬಾರಿಸಿಲ್ಲ.

ಹನ್ನೆರಡೂವರೆಗೆ ಸಣ್ಣ ಯಜಮಾನರೇ ಬಂದರು.

"ಮೊದ್ಲು ನೀನು ಉಂಡ್ಕಂಡು ಬಾ. ನಂಗೆ ಗೊತ್ತಿಲ್ವಾ ಪದ್ಧತಿ? ನಾನಿದೀನಿ ಇಲ್ಲಿ."

"ಯಾರೂ ಮುಟ್ಟದ ಹಾಗೆ ನೋಡ್ಕಳಿ ಅಣ್ಣ. ವೈರ್ ಅಂತೂ..."

"ಅಯ್ಯೋ ಮಾರಾಯ್ತಿ, ನಾನಿದೀನಿ ಅಂದ್ನಲ್ಲ."

ನಾನು ಒಂದು ಉದ್ದದ ಹಾಡು ಹಾಕಿ ಹೋದೆ. ಊಟದ ಜಾಗ ಕಾಫಿ ಮೂಟೆಯ ಸ್ಟೋರಿನ ಹಿಂದೆ. ಅಲ್ಲಿಗೆ ಹಾಡಿನ ದನಿ ಬರುತ್ತಿರಲಿಲ್ಲ, ನೆಲದಲ್ಲಿ ಧಂ ಧಂ ಮಾತ್ರ ಬರುತ್ತಿತ್ತು. ಕಡುಬು, ಕೋಳಿ ಸಾರು. ಉಣ್ಣುತ್ತಿರುವಾಗ ಏನೋ ಕಮಟು ವಾಸನೆ ಬಂತು. ಕಾಫಿ ಎಸ್ಟೇಟಿನಲ್ಲಿ ಕಮಟು ವಾಸನೆ ಬಂದರೆ ಯಾರೂ ತಲೆ ಎತ್ತುವುದಿಲ್ಲ. ಬಂದವರಿಗೆ ತೋರಿಸಲು ಎಲ್ಲೋ ಬೀಜ ಹುರಿಯುತ್ತಿದ್ದಾರೆ, ಬಾಣಲೆ ಹೊತ್ತಿಸಿಕೊಂಡರು ಎಂದುಕೊಂಡು ನಾನು ಮತ್ತೊಂದು ಕಡುಬು ಹಾಕಿಸಿಕೊಂಡೆ. ಆ ಇನ್ನೊಂದು ಕಡುಬು ಈಗಲೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ತಿರುಗಿ ಬಂದಾಗ ಈವೆಂಟಿನ ಹುಡುಗಿ ಅತಿಥಿಗಳನ್ನು ಸಾಲಾಗಿ ಸೆಟ್ಟಿನ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದಳು. ಮೇಜಿನ ಮುಂದೆ ಹಾದು ಹಾರ್ನಿಗೆ ಹೋಗಿದ್ದ ನನ್ನ ದಪ್ಪ ಕಪ್ಪು ತಂತಿ ಕಾಣಲಿಲ್ಲ. ಅದನ್ನು ಅಂದವಾಗಿ ಸುತ್ತಿ ಕುರ್ಚಿಯ ಮೇಲೆ ಇಟ್ಟಿದ್ದರು. ಹಾರ್ನು ಸುಮ್ಮನಿತ್ತು, ಧಂ ಧಂ ಮಾತ್ರ ಕೇಳುತ್ತಿತ್ತು. ವಾಲ್ವುಗಳು ಕೆಂಪಾಗಿ ಉರಿಯುತ್ತಿದ್ದವು, ಹಿಂದಿನಿಂದ ತೆಳ್ಳಗೆ ಹೊಗೆ. ಅದನ್ನೂ ಒಬ್ಬರು ವಿಡಿಯೋ ಮಾಡುತ್ತಿದ್ದರು, ವಿಶೇಷ ಏರ್ಪಾಡು ಎಂದುಕೊಂಡು.

ಓಡಿಹೋಗಿ ಸ್ವಿಚ್ ಆರಿಸಿದೆ. ವಾಲ್ಯೂಮಿನ ಗುಂಡಿ ತುದಿಗೆ ತಿರುಗಿತ್ತು.

"ವೈರ್ ಯಾರು ಬಿಚ್ಚಿದ್ದು?"

"ಫೋಟೋಗೆ ಅಡ್ಡ ಬರ್ತಿತ್ತು ಕಣಮ್ಮ," ಎಂದರು ಸಣ್ಣ ಯಜಮಾನರು. "ನಾನೇ ತೆಗಿ ಅಂದೆ. ಆಮೇಲೆ ಸೌಂಡ್ ಕಮ್ಮಿ ಆಯ್ತು, ಸ್ವಲ್ಪ ಜಾಸ್ತಿ ಕೊಟ್ಟೆ. ಸ್ಪೀಕರ್ ತೆಗುದ್ರೆ ಸೌಂಡ್ ಬರಲ್ಲ, ಅದಕ್ಕಿಂತ ಇನ್ನೇನಾಯ್ತದೆ?"

ಕಾಯಲು ನಿಂತವರೇ ಬಿಚ್ಚಿಸಿದ್ದರು. ತಾವೇ ಗುಂಡಿ ತಿರುಗಿಸಿದ್ದರು. ಯಾರೋ ಗೊತ್ತಿಲ್ಲದವರು ಮಾಡಿದ್ದರೆ ನಾನು ಅಷ್ಟು ಕುದಿಯುತ್ತಿರಲಿಲ್ಲ. ಪದ್ಧತಿ ಗೊತ್ತು ಎಂದು ಬಾಯಿಬಿಟ್ಟು ಹೇಳಿದ ಮನುಷ್ಯ, ಅದೇ ಪದ್ಧತಿಯನ್ನು ನನ್ನನ್ನು ಅಲ್ಲಿಂದ ಎಬ್ಬಿಸಲು ಉಪಯೋಗಿಸಿಕೊಂಡಿದ್ದರು.

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಆ ಹುಡುಗಿ ಬಂದು, ಪರವಾಗಿಲ್ಲ ಮೇಡಂ, ಲ್ಯಾಪ್‌ಟಾಪಿನಿಂದಲೇ ನಮ್ಮ ಸ್ಪೀಕರಿಗೆ ಕೊಟ್ಟುಬಿಡಿ ಎಂದಳು. ಸರಿ ಎಂದೆ. "ಆದ್ರೆ ಪ್ಲೇಟು ಸುಮ್ನೆ ತಿರುಗ್ತಾ ಇರ್ಲಿ, ನೋಡೋಕೆ ಚೆನ್ನಾಗಿರುತ್ತೆ," ಎಂದಳು. ಸಣ್ಣ ಯಜಮಾನರು ಹೌದು ಹೌದು ಎಂದರು. ನಾನು ಸೆಟ್ಟು ಕಟ್ಟಿಕೊಂಡು ಹೊರಟುಬಿಡಬೇಕಿತ್ತು. ಒಪ್ಪಿಕೊಂಡ ಕಾರ್ಯ ಅರ್ಧಕ್ಕೆ ಬಿಟ್ಟರೆ ಮಾವನ ಹೆಸರು ಕೆಡುತ್ತದೆ ಎಂಬ ಹೆದರಿಕೆಯಿಂದ ನಿಂತೆ. ಎರಡು ಗಂಟೆ ಹೊತ್ತು ಮುಳ್ಳು ಎತ್ತಿಟ್ಟ ಪ್ಲೇಟುಗಳನ್ನು ತಿರುಗಿಸುತ್ತಾ, ಸತ್ತ ಆಂಪ್ಲಿಫೈಯರಿನ ಪಕ್ಕದಲ್ಲಿ, ಹಾಡು ಬಾರಿಸುವವಳ ಹಾಗೆ ಕೈ ಆಡಿಸುತ್ತಾ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸಂಜೆ ಅಂಗಡಿಯಲ್ಲಿ ಮಾವ ಹಿಂದಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಕಿವಿ ಹೋದರೂ ಮೂಗು ಹೋಗಿರಲಿಲ್ಲ.

"ಊಟಕ್ಕೆ ಎದ್ದಿದ್ದಾ?"

ತಲೆಯಾಡಿಸಿದೆ.

"ಯಾರ್ ನಿಂತಿದ್ರು?"

ಅವರ ಅಂಗೈ ಮೇಲೆ ಬೆರಳಲ್ಲಿ ಬರೆದು ಹೇಳಿದೆ. ಮಾವ ಮುಚ್ಚಳವನ್ನು ಮತ್ತೆ ಹಾಕಿದರು.

"ಅವ್ರಪ್ಪ ಒಂದ್ಸಲ ಮಳೇಲಿ ಛತ್ರಿ ಹಿಡ್ಕಂಡು ನಿಂತಿದ್ರು ಕಣವ್ವ. ನಾನು ಉಂಡ್ಕಂಡ್ ಬಂದು ನೋಡ್ತೀನಿ, ಛತ್ರಿ ಸೆಟ್ ಮೇಲೈತೆ, ಅವ್ರು ಪೂರ್ತಿ ನೆಂದ್ಬುಟ್ಟವ್ರೆ."

ಮರುದಿನ ಸಣ್ಣ ಯಜಮಾನರ ಫೋನ್ ಬಂತು. ಬೇಜಾರು ಮಾಡಿಕೊಳ್ಳಬೇಡ, ಆನ್‌ಲೈನಿನಲ್ಲಿ ಅದೇ ಥರದ್ದು ಸಿಗುತ್ತದೆ, ತರಿಸಿಕೊಡುತ್ತೇನೆ, ಬ್ಲೂಟೂತೂ ಇರುತ್ತದೆ ಎಂದರು. ಬೇಡ ಎಂದೆ. ಅವರು ತರಿಸಿದ್ದು ನಿಜ, ತಮ್ಮ ಹೋಂಸ್ಟೇಯ ಹಜಾರಕ್ಕೆ. ಅಲ್ಲಿಗೆ ಹೋಗಿ ಬಂದವರೊಬ್ಬರು ಫೋಟೋ ತೋರಿಸಿದರು. ಗಾಜಿನ ಬುರುಡೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ದೀಪ. ಬುರುಡೆಯೊಳಗೆ ಏನೂ ಇಲ್ಲ. ಅದಕ್ಕೆ ಯಾವ ತಂತಿ ಬಿಚ್ಚಿದರೂ ಏನೂ ಆಗುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಮೊದಲಿಂದಲೂ ಅದೇ. ನಮ್ಮನ್ನು ಯಾಕೆ ಕರೆದರೋ.

ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಬೇಕಿತ್ತು. ಮಾವನ ಬೆರಳುಗಳು ನಡುಗುತ್ತವೆ, ಆ ತಂತಿ ಒಂದು ನಡುಕಕ್ಕೂ ತುಂಡಾಗುತ್ತದೆ. ಹಾಗಾಗಿ ಸುತ್ತುವ ಕೈಯಂತ್ರದ ಹಿಡಿ ತಿರುಗಿಸಿದವಳು ನಾನು. ಮಾವ ಎದುರಿಗೆ ಕೂತು, ನೂರು ಸುತ್ತಿಗೊಂದು ಗೆರೆಯಂತೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಳೆಯುತ್ತಿದ್ದರು. ಮೊದಲನೆಯದು ಕೊನೆಗೆ ಬರುವಾಗ ತುಂಡಾಯಿತು. ಎರಡನೆಯದು ಮುಗಿಯಿತು, ಆದರೆ ಮಳೆಗಾಲ ಹಿಡಿದುಕೊಂಡು ಸುತ್ತಿಗೆ ಬಳಿದ ವಾರ್ನಿಶ್ ಒಣಗಲೇ ಇಲ್ಲ, ಒಳಗೆ ತೇವ ಕೂತು ಕೆಟ್ಟುಹೋಯಿತು. ಮೂರನೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹಣ್ಣಿನ ಮಡಕೆಯ ಪಕ್ಕ, ಆಶ್ಲೇಷ ಮಳೆ ಮುಗಿಯುವ ತನಕ ಇಟ್ಟೆವು. ಪ್ರತಿ ಸುತ್ತಿಗೂ ನಾನು ಸಣ್ಣ ಯಜಮಾನರನ್ನು ಒಂದು ಮಾತು ಬೈದುಕೊಂಡಿದ್ದೇನೆ. ಮೂರು ಟ್ರಾನ್ಸ್‌ಫಾರ್ಮರಿಗೆ ಎಷ್ಟು ಬೈಗುಳವಾಯಿತೋ ನೀವೇ ಊಹಿಸಿ.

ಆ ಮಳೆಗಾಲದಲ್ಲಿ ಮಾವನ ಕಿವಿ ಪೂರ್ತಿ ಹೋಯಿತು. ನನಗಿದ್ದ ಭಯ ಒಂದೇ, ಕಣ್ಣಿಗಾದರೂ ಆ ಆಂಪ್ಲಿಫೈಯರಿನ ಹಾಡು ಮತ್ತೆ ಸಿಗುತ್ತದೋ ಇಲ್ಲವೋ. ಜೋಡಿಸಿ, ಬಲ್ಬು ಕಟ್ಟಿ, ಅವರಿಗಿಷ್ಟದ ಪ್ಲೇಟಿನ ಮೇಲೆ ಮುಳ್ಳು ಇಳಿಸಿದೆ. ಬಲ್ಬು ಸ್ವಲ್ಪ ಹೊತ್ತು ಕಪ್ಪಗೇ ಇತ್ತು. ಆಮೇಲೆ ಮಿಣುಕಿತು, ಏರಿತು, ಇಳಿಯಿತು. ಮಾವ ಅದರ ಮೇಲಿಂದ ಕಣ್ಣು ತೆಗೆಯದೆ ತೊಡೆಯ ಮೇಲೆ ತಾಳ ಹಾಕಿದರು. ತಾಳ ಎಲ್ಲೂ ತಪ್ಪಲಿಲ್ಲ. ನಾನು ಹಿಂದಿನ ಬಾಗಿಲಿಗೆ ಹೋಗಿ ಅತ್ತುಬಿಟ್ಟೆ.

ಕಳೆದ ಡಿಸೆಂಬರಿನಲ್ಲಿ ಅದೇ ಎಸ್ಟೇಟಿನಿಂದ ಮತ್ತೆ ಕರೆ ಬಂತು. ಈ ಸಲ ಕರೆದದ್ದು ಸಣ್ಣ ಯಜಮಾನರ ತಾಯಿ, ಎಂಬತ್ತು ದಾಟಿದ ದೊಡ್ಡಮ್ಮ. ಮರಿಮಗಳ ನಾಮಕರಣ, ಹಳೇ ಸೆಟ್ಟೇ ಬರಬೇಕು ಎಂದರು. ಉದ್ಘಾಟನೆಯ ದಿನ ಮಂಡಿ ನೋವಿನಿಂದ ಅವರು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಆಗುವುದಿಲ್ಲ ಎನ್ನುವವಳಿದ್ದೆ. ಮಾವ ನನ್ನ ತುಟಿ ನೋಡಿಯೇ ಅರ್ಥ ಮಾಡಿಕೊಂಡು, "ಹೋಗವ್ವ, ಮಗೀನ್ ಕಾರ್ಯ," ಎಂದರು.

ಹೋದೆ. ಬುತ್ತಿ ಕಟ್ಟಿಕೊಂಡು ಹೋದೆ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ನಮ್ಮ ಕಡೆ ಕಾರ್ಯದ ಮನೆಗೆ ಬುತ್ತಿ ಒಯ್ಯುವುದು ಆ ಮನೆಯ ಮುಖಕ್ಕೆ ಹೊಡೆದ ಹಾಗೆ. ಗೊತ್ತಿದ್ದೇ ಒಯ್ದೆ.

ಮೊದಲ ಪಂಕ್ತಿ ಕರೆದರು. ಸಣ್ಣ ಯಜಮಾನರು ದೂರದಿಂದ, "ಏಳಮ್ಮ, ನಾನ್ ನೋಡ್ಕತೀನಿ," ಎಂದರು, ನಾಚಿಕೆಯೇ ಇಲ್ಲದೆ. ನಾನು ಮಿಕ್ಸರಿನ ಪಕ್ಕದಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಹತ್ತಿರದಲ್ಲಿದ್ದವರು ತಿರುಗಿ ನೋಡಿದರು. ದೊಡ್ಡಮ್ಮ ಕೋಲೂರಿಕೊಂಡು ಎದ್ದು ಬಂದರು.

"ಏನವ್ವ ಅದು?"

"ಬುತ್ತಿ, ದೊಡ್ಡಮ್ಮ."

"ನಮ್ಮನೇಗೆ ಬುತ್ತಿ ತಂದಿದೀಯಾ?"

ನಾನು ಅಂದು ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದೆ. ದೊಡ್ಡಮ್ಮ ಮಗನ ಕಡೆ ತಿರುಗಿದರು. ಮಗ ಫೋನ್ ನೋಡತೊಡಗಿದರು.

"ಏಳು," ಎಂದರು ದೊಡ್ಡಮ್ಮ ನನಗೆ. "ಎಲೆ ಮುಂದೆ ಹೋಗು. ನಮ್ ಯಜಮಾನ್ರು ನಿಂತಿದ್ ಜಾಗ ಇದು. ನಾನ್ ನಿಲ್ತೀನಿ."

ಅವರ ಊದಿದ ಪಾದಗಳನ್ನು ನೋಡಿದೆ. ಎದ್ದೇಬಿಡೋಣ ಎನಿಸಿದ್ದು ಸುಳ್ಳಲ್ಲ. ಆದರೆ ನೆಲದ ಮೇಲಿನ ಸೀಮೆಸುಣ್ಣದ ಗೆರೆಗಳು ಕಣ್ಣ ಮುಂದೆ ಬಂದವು.

"ನಿಮ್ಮನ್ನ ನಂಬ್ತೀನಿ ದೊಡ್ಡಮ್ಮ. ಈ ಮನೇನ ನಂಬಲ್ಲ," ಎಂದು ರೊಟ್ಟಿ ಮುರಿದೆ.

ಅಷ್ಟು ಜನರ ಮುಂದೆ ಆ ವಯಸ್ಸಿನವರಿಗೆ ಹಾಗೆ ಹೇಳಿದ್ದಕ್ಕೆ ನನಗೆ ನೋವಿದೆ. ಹೇಳಿದ ಮಾತಿನ ಬಗ್ಗೆ ಇಲ್ಲ. ದೊಡ್ಡಮ್ಮ ಬೇಸರ ಮಾಡಿಕೊಂಡು ಒಳಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಯಾರೋ ಕುರ್ಚಿ ತಂದರು, ಕೂರಲಿಲ್ಲ. ನಾನು ಎರಡು ರೊಟ್ಟಿ ತಿಂದು ಮುಗಿಸುವ ತನಕ ಕೋಲು ಹಿಡಿದು ಸೆಟ್ಟಿನ ಪಕ್ಕದಲ್ಲೇ ನಿಂತರು. ಆಮೇಲೆ ಮೆತ್ತಗೆ, "ಕೈಯಾದ್ರೂ ತೊಳ್ಕಂಡ್ ಬಾ," ಎಂದರು.

ಕೈ ತೊಳೆಯಲು ಹೋದೆ. ಎರಡು ನಿಮಿಷವಿರಬಹುದು. ಬರುವಾಗ ಹಾಡು ಹಾಗೆಯೇ ನಡೆಯುತ್ತಿತ್ತು, ಹಾರ್ನಿನ ದನಿ ನೇರ ಕಿವಿಗೆ ಬಂತು. ಸಣ್ಣ ಯಜಮಾನರು ಸೆಟ್ಟಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ದೊಡ್ಡಮ್ಮನ ಕೋಲಿನ ತುದಿ ಅವರ ಎದೆಯ ಮೇಲಿತ್ತು.

"ಅಲ್ಲೇ ನಿಲ್ಲೋ," ಎನ್ನುತ್ತಿದ್ದರು ದೊಡ್ಡಮ್ಮ. "ಸೆಟ್ನೋಳು ಬರ್ಲಿ."